ಭಾನುವಾರ ಮಾತ್ರ ನಿಂತುಹೋಗುತ್ತಿದ್ದ ಕ್ಯಾಮೆರಾ

ಬೆಳೆ ಹಬ್ಬದ ದಿನ ಬೆಳಿಗ್ಗೆ 8.55ಕ್ಕೆ, ಸತ್ಯವೇದದ ಎರಡನೆಯ ಪಾಠ ಓದುತ್ತಿದ್ದ ಹೊತ್ತಿನಲ್ಲಿ, ನಮ್ಮ ಚರ್ಚಿನ ನೇರಪ್ರಸಾರದ ಚಿತ್ರ ನಿಂತುಬಿಟ್ಟಿತು. ಓದುತ್ತಿದ್ದವರ ಒಂದು ಕೈ ಪುಟ ತಿರುವಲು ಎತ್ತಿದ ಹಾಗೆಯೇ ಪರದೆಯ ಮೇಲೆ ಉಳಿಯಿತು. ಸ್ವರ ಮಾತ್ರ ಎಂದಿನಂತೆ ಹೋಗುತ್ತಿತ್ತು. ವೇದಿಯ ಹಿಂದಿನ ಕೋಣೆಯಾದ ವೆಸ್ಟ್ರಿಯಲ್ಲಿ ಕಂಪ್ಯೂಟರಿನ ಮುಂದಿದ್ದ ನಾವು ಏನಾಯಿತೆಂದು ನೋಡುವಷ್ಟರಲ್ಲಿ ನನ್ನ ಮೊಬೈಲ್ ಅದುರಿತು.

"ಓದುವುದು ಕೇಳುತ್ತದೆ, ಓದುವವರು ಅಲುಗಾಡುವುದಿಲ್ಲವಲ್ಲ ಮಗನೇ" ಎಂದರು ಆ ಕಡೆಯ ಅಜ್ಜಿ. ಸೊಂಟದ ಮೂಳೆ ಮುರಿದು ಎರಡು ವರ್ಷದಿಂದ ಮನೆಯಲ್ಲೇ ಇರುವವರು. ಅದಕ್ಕೂ ಮೊದಲು ನಲವತ್ತು ವರ್ಷ ನಮ್ಮ ಚರ್ಚಿನ ವೇದಿಯ ಬಟ್ಟೆಗಳನ್ನೆಲ್ಲ ಹೊಲಿದುಕೊಟ್ಟವರು. ಅವರಂಥ ಹತ್ತು ಹನ್ನೆರಡು ಮಂದಿ ಹಿರಿಯರು ಊರಿನಲ್ಲೇ ಇದ್ದಾರೆ. ಕುವೈತ್, ಬಹರೈನ್‌ಗಳಲ್ಲಿ ದುಡಿಯುವ ನಮ್ಮ ಮಕ್ಕಳು ಬೇರೆ. ಅಲ್ಲಿ ಭಾನುವಾರ ಕೆಲಸದ ದಿನ. ಇಲ್ಲಿ 8.30ಕ್ಕೆ ಆರಾಧನೆ ಆರಂಭವಾದರೆ ಅಲ್ಲಿ ಬೆಳಗಿನ 6 ಗಂಟೆ. ಕೆಲಸಕ್ಕೆ ಹೊರಡುವ ಮೊದಲು ಸಿಗುವ ಒಂದೂವರೆ ಗಂಟೆಯಲ್ಲಿ ಅವರು ಊರಿನ ಚರ್ಚಿಗೆ ಬಂದು ಹೋಗುತ್ತಾರೆ. ಚಿತ್ರ ನಿಂತಿತೆಂದರೆ ಅವರ ಮುಖದ ಮುಂದೆ ನಾವು ಬಾಗಿಲು ಹಾಕಿಕೊಂಡ ಹಾಗೆ. ಈ ಕೆಲಸವನ್ನು ನಾನು ಹಾಗೆಯೇ ಕಂಡಿದ್ದೇನೆ.

ನಾನು ದೂರವಾಣಿ ಲೈನಿನ ಕೆಲಸದಲ್ಲಿ ಆಯುಷ್ಯ ಕಳೆದು ನಿವೃತ್ತನಾದವನು. ತಂತಿ, ಕೀಲು, ತೇವ, ಕಿಲುಬು ಇವೆಲ್ಲ ನನಗೆ ಗೊತ್ತು. ನೆಟ್‌ವರ್ಕ್ ಮತ್ತು ನೇರಪ್ರಸಾರ ನಡೆಸುವ ಒಬಿಎಸ್ ತಂತ್ರಾಂಶವನ್ನು ನೋಡಿಕೊಳ್ಳುವವಳು ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಸಭೆಯ ಒಬ್ಬ ಹುಡುಗಿ. ಮೂರು ವಾರ ನಮ್ಮಿಬ್ಬರನ್ನೂ ಆಡಿಸಿದ ಈ ದೋಷವನ್ನು ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ. ನಮ್ಮ ಕರಾವಳಿಯ ಎಷ್ಟೋ ಚರ್ಚುಗಳಲ್ಲಿ ಇದೇ ರೀತಿಯ ಜೋಡಣೆ ಇದೆ, ಇದೇ ದೋಷ ಅಲ್ಲಿಯೂ ಬರಬಹುದು.

ನಮ್ಮ ಜೋಡಣೆ ಹೀಗಿದೆ

ಬಾಲ್ಕನಿಯ ಮುಂಗೋಡೆಯ ಮೇಲೆ 20 ಪಟ್ಟು ಆಪ್ಟಿಕಲ್ ಜೂಮ್ ಇರುವ ಪಿಟಿಝಡ್ ಕ್ಯಾಮೆರಾ, ಎಂದರೆ ದೂರದಿಂದಲೇ ಎಡಬಲಕ್ಕೂ ಮೇಲೆಕೆಳಗೂ ತಿರುಗಿಸಬಹುದಾದದ್ದು. ಅದಕ್ಕೆ ಬೇಕಾದ ವಿದ್ಯುತ್ತೂ ಅದರಿಂದ ಬರುವ ಚಿತ್ರವೂ ಒಂದೇ ನೆಟ್‌ವರ್ಕ್ ಕೇಬಲಿನಲ್ಲಿ ಹರಿಯುತ್ತವೆ. ಕೇಬಲ್ ಬಾಲ್ಕನಿಯಿಂದ ಮೇಲೇರಿ, ಹೆಂಚಿನ ಮಾಡಿನ ಪಕ್ಕಾಸುಗಳ ಉದ್ದಕ್ಕೂ ಸಾಗಿ, ವೇದಿಯ ಹಿಂದಿನ ವೆಸ್ಟ್ರಿಗೆ ಇಳಿಯುತ್ತದೆ. ಟೇಪು ಹಿಡಿದು ಅಳೆದರೆ 34 ಮೀಟರ್. ವೆಸ್ಟ್ರಿಯಲ್ಲಿ ನೆಟ್‌ವರ್ಕ್ ಕೇಬಲಿನಲ್ಲೇ ವಿದ್ಯುತ್ತನ್ನೂ ಕಳಿಸುವ ಪಿಒಇ ಸ್ವಿಚ್, ರೌಟರ್, ಕಂಪ್ಯೂಟರ್, ಇನ್ವರ್ಟರ್. ಕ್ಯಾಮೆರಾದ ಚಿತ್ರ ಆರ್‌ಟಿಎಸ್‌ಪಿ ಎಂಬ ರೀತಿಯಲ್ಲಿ ಒಬಿಎಸ್‌ಗೆ ಬರುತ್ತದೆ, ಅಲ್ಲಿಂದ ಯೂಟ್ಯೂಬ್‌ಗೆ ಹೋಗುತ್ತದೆ. ಸ್ವರದ ದಾರಿಯೇ ಬೇರೆ: ಮಿಕ್ಸರಿನಿಂದ ಒಂದು ಯುಎಸ್‌ಬಿ ಪೆಟ್ಟಿಗೆಯ ಮೂಲಕ ನೇರವಾಗಿ ಕಂಪ್ಯೂಟರಿಗೆ.

ಸ್ವರದ ದಾರಿ ಬೇರೆಯಾಗಿದ್ದುದೇ ನಮಗೆ ಸಿಕ್ಕ ಮೊದಲ ಸುಳಿವು. ಚಿತ್ರ ಸತ್ತಾಗಲೂ ಸ್ವರ ಕಡಿಯದೆ ಹೋಗುತ್ತಿತ್ತು ಎಂದ ಮೇಲೆ ಇಂಟರ್ನೆಟ್ ಸರಿ, ಕಂಪ್ಯೂಟರ್ ಸರಿ, ಯೂಟ್ಯೂಬ್ ಸರಿ. ದೋಷ ಇರುವುದು ಕ್ಯಾಮೆರಾದಿಂದ ಕಂಪ್ಯೂಟರಿನವರೆಗಿನ ಆ 34 ಮೀಟರಿನಲ್ಲಿ, ಇಲ್ಲವೇ ಅದರ ಎರಡು ತುದಿಗಳಲ್ಲಿ. ಅಂದು ಸ್ವಿಚ್‌ನಲ್ಲಿ ಕ್ಯಾಮೆರಾದ ಕೇಬಲ್ ಕಿತ್ತು ಮತ್ತೆ ಹಾಕಿದೆವು. ಕ್ಯಾಮೆರಾ ಆರಿ ಹೊತ್ತಿಕೊಂಡು ಎರಡು ನಿಮಿಷದಲ್ಲಿ ಚಿತ್ರ ಬಂತು. ಹತ್ತು ನಿಮಿಷಕ್ಕೆ ಮತ್ತೆ ಹೋಯಿತು. ಆರಾಧನೆ ಮುಗಿಯುವುದರೊಳಗೆ ನಾಲ್ಕು ಸಲ ಹೀಗಾಯಿತು.

ಸೋಮವಾರ ಬೆಳಿಗ್ಗೆ ಹೋಗಿ ಎಲ್ಲವನ್ನೂ ಚಾಲೂ ಮಾಡಿ ಕುಳಿತೆ. ನಾಲ್ಕು ಗಂಟೆ ಕಳೆದರೂ ಚಿತ್ರ ಅಲ್ಲಾಡಲಿಲ್ಲ. ಮಂಗಳವಾರವೂ ಅಷ್ಟೇ.

ಕೇಬಲಿನ ಮೇಲೆ ಸಂಶಯ

ಸಮಿತಿಯ ಹಿರಿಯರೊಬ್ಬರು, ನೆಟ್‌ವರ್ಕಿನ ಗೊಡವೆಯೇ ಬೇಡ, ಎಚ್‌ಡಿಎಂಐ ಕೇಬಲ್ ಎಳೆದುಬಿಡೋಣ ಎಂದರು. ಟಿ.ವಿ.ಗೆ ಚುಚ್ಚುವ ಆ ಕೇಬಲನ್ನು ಎಲ್ಲರೂ ಕಂಡಿರುವುದರಿಂದ ಅದು ಸುಲಭವೆಂದು ತೋರುತ್ತದೆ. ಸಾಮಾನ್ಯ ತಾಮ್ರದ ಎಚ್‌ಡಿಎಂಐ ಹತ್ತು ಹದಿನೈದು ಮೀಟರಿನವರೆಗೆ ನಂಬಿಕೆಗೆ ಯೋಗ್ಯ, ಅದನ್ನು ದಾಟಿದರೆ ಚಿತ್ರದಲ್ಲಿ ಬಿಳಿ ಚುಕ್ಕೆಗಳು ಮಿನುಗಲು ತೊಡಗುತ್ತವೆ, ಆಮೇಲೆ ಪರದೆಯೇ ಕಪ್ಪಾಗುತ್ತದೆ. ದೂರಕ್ಕೆಂದೇ ಬೆಳಕಿನ ಎಳೆಯ ಎಚ್‌ಡಿಎಂಐ ಕೇಬಲ್ ಸಿಗುತ್ತದೆ. ಆದರೆ ಅದಕ್ಕೆ ದಿಕ್ಕು ಉಂಟು, ಒಂದು ತುದಿ ಕ್ಯಾಮೆರಾಕ್ಕೇ, ಇನ್ನೊಂದು ಕಂಪ್ಯೂಟರಿನ ಕಡೆಗೇ ಹೋಗಬೇಕು. ಇಲಿ ಕಡಿದರೆ ನನ್ನ ಕೈಯಲ್ಲಿ ಜೋಡಿಸುವುದಕ್ಕೂ ಬರುವುದಿಲ್ಲ. ಬೇಡವೆಂದೆ.

ಬುಧವಾರ ಏಣಿ ಹಾಕಿ ಪಕ್ಕಾಸಿನ ಮೇಲೆ ಹೋದೆ. ಹೆಂಚಿನ ಮಾಡು ನಮ್ಮ ಕಡೆ ಎಲ್ಲ ಹಳೆಯ ಚರ್ಚುಗಳಲ್ಲೂ ಇದೆ, ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಬಂದ ರೂಢಿ. ಗಾಳಿ ಚೆನ್ನಾಗಿ ಆಡುತ್ತದೆ. ಆದರೆ ಸಮುದ್ರ ಎರಡು ಕಿಲೋಮೀಟರ್ ದೂರದಲ್ಲಿರುವ ಊರಿನಲ್ಲಿ ಆ ಗಾಳಿಯ ಜೊತೆ ಉಪ್ಪೂ ಬರುತ್ತದೆ. ಕ್ಯಾಮೆರಾದ ಹಿಂದಿನ ಕನೆಕ್ಟರ್ ಬಿಚ್ಚಿದರೆ ಎಂಟು ಕಡ್ಡಿಗಳಲ್ಲಿ ಮೂರಕ್ಕೆ ಹಸಿರು ಕಿಲುಬು ಹತ್ತಿತ್ತು. ತಂತಿಯೊಂದನ್ನು ಚಾಕುವಿನಿಂದ ಕೆರೆದು ನೋಡಿದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅದು ತಾಮ್ರದ ತಂತಿಯೇ ಅಲ್ಲ, ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಗ್ಗವೆಂದು ಇಂಥ ಕೇಬಲನ್ನು ಎಲ್ಲ ಕಡೆ ಎಳೆಯುತ್ತಾರೆ. ಲೇಪದ ತಂತಿಯ ರೋಧ ಅಪ್ಪಟ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಚಿತ್ರದ ಸಂಕೇತ ಮಾತ್ರ ಹರಿಯುವುದಾದರೆ ಇಷ್ಟು ದೂರಕ್ಕೆ ಹೇಗೋ ನಡೆದೀತು. ಆದರೆ ಪಿಒಇಯಲ್ಲಿ ಕ್ಯಾಮೆರಾದ ಅನ್ನವೂ ಅದೇ ತಂತಿಯಲ್ಲಿ ಹೋಗಬೇಕು. ಸಾಮಾನ್ಯ ಪಿಒಇ, ಅಂದರೆ 802.3ಎಎಫ್, ಸ್ವಿಚ್‌ನಿಂದ ಹೊರಡುವಾಗ 15.4 ವ್ಯಾಟ್. ದಾರಿಯಲ್ಲಿ ಸೋರಿ ಉಪಕರಣಕ್ಕೆ ಸಿಗಬೇಕಾದದ್ದು 12.95 ವ್ಯಾಟ್. ಆ ಲೆಕ್ಕ ಹಾಕಿರುವುದು ತಾಮ್ರದ ತಂತಿಗೆ. ಪಿಟಿಝಡ್ ಕ್ಯಾಮೆರಾ ಸುಮ್ಮನಿರುವಾಗ ಕಡಿಮೆ ಉಣ್ಣುತ್ತದೆ, ಮೋಟಾರು ತಿರುಗುವಾಗ ಒಮ್ಮೆಗೇ ಹೆಚ್ಚು ಕೇಳುತ್ತದೆ. ಭಾನುವಾರ ನಾವು ಅದನ್ನು ಪ್ರಸಂಗ ಪೀಠದಿಂದ ಗಾಯನ ಮಂಡಳಿಗೆ, ಅಲ್ಲಿಂದ ವೇದಿಗೆ ತಿರುಗಿಸುತ್ತಲೇ ಇರುತ್ತೇವೆ. ಸೋಮವಾರ ಅದು ಒಂದೇ ಕಡೆ ನೋಡುತ್ತ ನಿಂತಿತ್ತು. ಭಾನುವಾರ ಮಾತ್ರ ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನನಗೆ ಖಾತ್ರಿಯಾಯಿತು.

ಎರಡು ದಿನ ಕೂತು ಅಪ್ಪಟ ತಾಮ್ರದ ಕ್ಯಾಟ್ 6 ಕೇಬಲ್ ಎಳೆದೆ. ಪಕ್ಕಾಸಿನ ಮೇಲೆ ಇಲಿ ಓಡಾಡುವ ಜಾಗದಲ್ಲಿ ಪಿವಿಸಿ ಪೈಪಿನೊಳಗೆ ಹಾಕಿದೆ. ತುದಿಗಳನ್ನು ಹೊಸದಾಗಿ ಕ್ರಿಂಪ್ ಮಾಡಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಟೆಸ್ಟರಿನ ಎಂಟು ದೀಪಗಳೂ ಸಾಲಾಗಿ ಹೊತ್ತಿದವು. ಶನಿವಾರ ಸಂಜೆ ಕ್ಯಾಮೆರಾವನ್ನು ಅರ್ಧ ಗಂಟೆ ಬೇಕೆಂದೇ ಎಡಬಲ ತಿರುಗಿಸುತ್ತ ನೋಡಿದೆವು. ಏನೂ ಆಗಲಿಲ್ಲ. ಸಭಾಪಾಲಕರಿಗೆ, ಸರಿಯಾಯಿತು ಎಂದು ಹೇಳಿಯೇ ಮನೆಗೆ ಹೋದೆ.

ಮರುದಿನ 9.10ಕ್ಕೆ ಚಿತ್ರ ನಿಂತಿತು.

ಬಾಲ್ಕನಿಯ ಹುಡುಗ

ಆ ಭಾನುವಾರ ಆರಾಧನೆ ಮುಗಿದ ಮೇಲೆ ಬಾಲ್ಕನಿಯಲ್ಲಿ ಕೂರುವ ಸಂಡೇ ಸ್ಕೂಲಿನ ಹುಡುಗನೊಬ್ಬ ನನ್ನ ಬಳಿ ಬಂದ. "ಅಂಕಲ್, ಕ್ಯಾಮೆರಾ ಕೆಟ್ಟದ್ದಾ? ನಡುವೆ ಅದು ತಿರುಗುವುದನ್ನೇ ನಿಲ್ಲಿಸಿತು. ನೀವು ಕೇಬಲ್ ತೆಗೆದು ಹಾಕಿದಾಗ ಮಾತ್ರ ತಲೆ ಆಡಿಸಿತು" ಎಂದ.

ನಾನು ಅಲ್ಲೇ ಬೆಂಚಿನ ಮೇಲೆ ಕುಳಿತೆ. ಪಿಟಿಝಡ್ ಕ್ಯಾಮೆರಾ ವಿದ್ಯುತ್ ಹೋಗಿ ಬಂದಾಗಲೆಲ್ಲ ಒಮ್ಮೆ ಎಡದ ತುದಿಗೂ ಬಲದ ತುದಿಗೂ ತಿರುಗಿ, ತನ್ನ ಸ್ಥಾನವನ್ನು ತಾನೇ ಗುರುತಿಸಿಕೊಂಡು ನಿಲ್ಲುತ್ತದೆ. ಹುಡುಗ ನೋಡಿದ್ದು ಅದನ್ನೇ. ನಾವು ಕಿತ್ತು ಹಾಕಿದಾಗ ಬಿಟ್ಟರೆ ಬೇರೆ ಯಾವಾಗಲೂ ಅದು ಹಾಗೆ ತಲೆ ಆಡಿಸಿರಲಿಲ್ಲ ಎಂದರೆ ಅದಕ್ಕೆ ವಿದ್ಯುತ್ ಒಮ್ಮೆಯೂ ತಪ್ಪಿರಲಿಲ್ಲ. ಕಿಲುಬು ಹತ್ತಿದ ಕನೆಕ್ಟರ್ ನಿಜ, ಲೇಪದ ಕೇಬಲ್ ನಿಜ, ಎರಡನ್ನೂ ಬದಲಿಸಬೇಕಾದದ್ದೂ ನಿಜ. ಆದರೆ ನಮ್ಮ ದೋಷಕ್ಕೂ ಅವಕ್ಕೂ ಸಂಬಂಧವಿರಲಿಲ್ಲ. ಬೇರೆ ದೋಷವೊಂದು ಕಣ್ಣಿಗೆ ಬಿದ್ದ ಕೂಡಲೇ ಹುಡುಕುತ್ತಿದ್ದ ದೋಷವೇ ಅದು ಎಂದುಕೊಂಡಿದ್ದೆ.

ಸಮಿತಿಯಲ್ಲಿ ಅಷ್ಟರಲ್ಲಿ ಹೊಸ ಕ್ಯಾಮೆರಾದ ಮಾತು ಎದ್ದಿತ್ತು. ಲಕ್ಷದ ಹತ್ತಿರದ ಮಾತು. ಬೆಳೆ ಹಬ್ಬದಲ್ಲಿ ಬಾಳೆಗೊನೆ, ತೆಂಗಿನಕಾಯಿ, ಕುಂಬಳಕಾಯಿ ಏಲಂ ಮಾಡಿ ಕೂಡಿಸಿದ ಹಣ ಅದು. ಇನ್ನೊಂದು ವಾರ ಕೊಡಿ ಎಂದು ಕೇಳಿಕೊಂಡೆ.

ಹುಡುಗಿಯೂ ನಾನೂ ಕೂತು ಒಂದು ವಿಷಯ ನಿಶ್ಚಯಿಸಿದೆವು. ಇನ್ನು ಮೇಲೆ ಯಾವುದನ್ನೂ ಬದಲಿಸುವುದಿಲ್ಲ, ಬರುವ ಭಾನುವಾರ ದೋಷ ಬರುವುದನ್ನು ಕಾದು ಕೂತು ನೋಡುತ್ತೇವೆ. ಆ ಹೊತ್ತಿಗೆ ಜನರಿಗೆ ಏನಾದರೂ ಕಾಣಬೇಕಲ್ಲ. ವೆಸ್ಟ್ರಿಯ ಬಾಗಿಲ ಚೌಕಟ್ಟಿಗೆ ಒಂದು ಸಾಧಾರಣ ವೆಬ್‌ಕ್ಯಾಮ್ ಕಟ್ಟಿದೆವು. ಅದರ ಯುಎಸ್‌ಬಿ ಕೇಬಲ್ 5 ಮೀಟರ್ ದಾಟಬಾರದಾದ್ದರಿಂದ ಅದಕ್ಕಿಂತ ಮುಂದೆ ಒಯ್ಯಲಾಗಲಿಲ್ಲ. ಸಭಾಪಾಲಕರ ಎಡಭುಜವೂ ವೇದಿಯ ಒಂದು ಮೂಲೆಯೂ ಕಾಣುತ್ತಿದ್ದವು. ಕಪ್ಪು ಪರದೆಗಿಂತ ಮೇಲು.

ಯಾರೋ ಉತ್ತರ ಕೊಡುತ್ತಿದ್ದರು

ಮೂರನೆಯ ಭಾನುವಾರ 8 ಗಂಟೆಗೇ ಹುಡುಗಿ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಕ್ಯಾಮೆರಾದ ವಿಳಾಸ 192.168.1.20ಕ್ಕೆ ಪಿಂಗ್ ಹಾಕಿಟ್ಟಳು. ಪಿಂಗ್ ಎಂದರೆ ಇದ್ದೀಯಾ ಎಂದು ಕೂಗಿ ಕೇಳುವುದು, ಆ ಕಡೆಯಿಂದ ಇದ್ದೇನೆ ಎಂಬ ಉತ್ತರ ಎಷ್ಟು ಹೊತ್ತಿಗೆ ಬಂತೆಂದು ನೋಡುವುದು. ಪ್ರತಿ ಸೆಕೆಂಡಿಗೊಮ್ಮೆ ಉತ್ತರ ಬರುತ್ತಿತ್ತು, ಪ್ರತಿಯೊಂದೂ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ. ತಂತಿಯಲ್ಲಿ ಜೋಡಿಸಿದ, ಅದೇ ಕಟ್ಟಡದೊಳಗಿನ ಉಪಕರಣ ಕೊಡಬೇಕಾದ ಉತ್ತರವೇ ಅದು.

9.02ಕ್ಕೆ, ಎರಡನೆಯ ಗೀತೆಯ ನಡುವೆ ಚಿತ್ರ ನಿಂತಿತು. ಹುಡುಗಿ ಕೂಡಲೇ ವೆಬ್‌ಕ್ಯಾಮಿಗೆ ಬದಲಿಸಿದಳು. ನಾನು ಪಿಂಗಿನ ಕಿಟಕಿ ನೋಡಿದೆ. ಉತ್ತರ ಬರುತ್ತಲೇ ಇತ್ತು.

"ಕ್ಯಾಮೆರಾ ಜೀವಂತ ಇದೆ ಅಂಕಲ್, ಆದರೆ ಅದರ ಪುಟ ತೆರೆಯುತ್ತಿಲ್ಲ" ಎಂದಳು ಅವಳು. ಬ್ರೌಸರಿನಲ್ಲಿ ಕ್ಯಾಮೆರಾದ ಸೆಟ್ಟಿಂಗ್ ಪುಟ ಬರಬೇಕಿದ್ದಲ್ಲಿ ಸಂಪರ್ಕ ನಿರಾಕರಿಸಲಾಗಿದೆ ಎಂದಷ್ಟೇ ಕಂಡಿತು. ಇನ್ನೊಂದು ಲ್ಯಾಪ್‌ಟಾಪಿನಲ್ಲಿ ವಿಡಿಯೊ ತೋರಿಸುವ ವಿಎಲ್‌ಸಿ ತಂತ್ರಾಂಶ ತೆರೆದು ಅದೇ ಚಿತ್ರ ಕೇಳಿದೆವು, ಅಲ್ಲಿಯೂ ಇಲ್ಲ. ಹಾಗಾದರೆ ಒಬಿಎಸ್‌ನ ತಪ್ಪೂ ಅಲ್ಲ.

ಆಗ ಅಂಕಿಗಳ ಕಡೆ ಗಮನ ಹೋಯಿತು. ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಇದ್ದ ಹೊತ್ತು 84 ಆಗಿತ್ತು. ಮುಂದಿನದು 132. ಆಮೇಲೆ 61, ಆಮೇಲೆ 210. ಮೂವತ್ನಾಲ್ಕು ಮೀಟರ್ ತಾಮ್ರದಾಚೆ ಇರುವ ಕ್ಯಾಮೆರಾ ಹೀಗೆ ತಡವರಿಸಿ ಉತ್ತರಿಸುವುದಿಲ್ಲ. ನನ್ನ ಹಳೆಯ ಕೆಲಸದ ಬುದ್ಧಿ ಎಚ್ಚರವಾಯಿತು: ಲೈನಿನಲ್ಲಿ ದೋಷವೆಂದರೆ ಮೊದಲು ಲೈನನ್ನು ಕಡಿದು ನೋಡಬೇಕು. ಚಿತ್ರ ಹೇಗೂ ಹೋಗಿತ್ತು. ಸ್ವಿಚ್‌ನಿಂದ ಕ್ಯಾಮೆರಾದ ಕೇಬಲ್ ಕಿತ್ತು ಕೈಯಲ್ಲಿ ಹಿಡಿದುಕೊಂಡೆ.

ಪಿಂಗ್‌ಗೆ ಉತ್ತರ ಬರುತ್ತಲೇ ಇತ್ತು. 97. 143. 70.

ಕ್ಯಾಮೆರಾದ ಕೇಬಲ್ ನನ್ನ ಕೈಯಲ್ಲಿ, ಕ್ಯಾಮೆರಾ ಬಾಲ್ಕನಿಯಲ್ಲಿ ಕಣ್ಣು ಮುಚ್ಚಿಕೊಂಡಿದೆ, ಆದರೂ ಅದರ ವಿಳಾಸದಿಂದ ಯಾರೋ ಇದ್ದೇನೆ ಎನ್ನುತ್ತಿದ್ದಾರೆ. ಹೊರಗೆ ಸಭೆ ಎದ್ದು ನಿಂತು ವಿಶ್ವಾಸ ಪ್ರಮಾಣ ಹೇಳುತ್ತಿತ್ತು. ನಾವಿಬ್ಬರೂ ಒಂದು ಕ್ಷಣ ಮಾತಿಲ್ಲದೆ ಪರದೆ ನೋಡುತ್ತ ನಿಂತೆವು.

ಹುಡುಗಿ ಎಆರ್‌ಪಿ ಪಟ್ಟಿ ತೆರೆದಳು. ನೆಟ್‌ವರ್ಕಿನಲ್ಲಿ ಪ್ರತಿ ಉಪಕರಣಕ್ಕೂ ಎರಡು ಗುರುತು. ಐಪಿ ವಿಳಾಸ ಬಾಡಿಗೆ ಮನೆಯ ನಂಬರಿನಂತೆ, ಇಂದು ಒಬ್ಬರಿಗೆ ನಾಳೆ ಇನ್ನೊಬ್ಬರಿಗೆ. ಮ್ಯಾಕ್ ವಿಳಾಸ ಆ ಉಪಕರಣದ್ದೇ. ಯಾವ ಮನೆಯಲ್ಲಿ ಸದ್ಯ ಯಾರಿದ್ದಾರೆ ಎಂದು ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ಪಟ್ಟಿಯೇ ಎಆರ್‌ಪಿ. ಅದರಲ್ಲಿ 20ನೆಯ ಮನೆಯ (ಕ್ಯಾಮೆರಾದ ವಿಳಾಸದ ಕೊನೆಯ ಸಂಖ್ಯೆ 20) ಮುಂದೆ ಇದ್ದ ಮ್ಯಾಕ್ ವಿಳಾಸ ಕ್ಯಾಮೆರಾದ ಬೆನ್ನಿನ ಚೀಟಿಯಲ್ಲಿ ಇದ್ದದ್ದಲ್ಲ. ಅದರ ಎರಡನೆಯ ಅಕ್ಷರ 'ಎ' ಆಗಿತ್ತು. "ಎರಡನೆಯ ಜಾಗದಲ್ಲಿ 2, 6, ಎ, ಇ ಇವುಗಳಲ್ಲಿ ಒಂದು ಇದ್ದರೆ ಅದು ಕಾರ್ಖಾನೆ ಕೊಟ್ಟದ್ದಲ್ಲ, ಉಪಕರಣ ತಾನೇ ಇಟ್ಟುಕೊಂಡ ಹೆಸರು" ಎಂದಳು. ಈಗಿನ ಮೊಬೈಲ್‌ಗಳು ಗುರುತು ಮರೆಸಲು ವೈಫೈಗೆ ಸೇರುವಾಗ ಹೀಗೆ ಮಾಡುತ್ತವೆ, ಆಂಡ್ರಾಯ್ಡ್ 10, ಐಒಎಸ್ 14 ಬಂದ ಮೇಲೆ ಇದೇ ವಾಡಿಕೆ.

ನಮ್ಮ ಕ್ಯಾಮೆರಾದ ಮನೆಯಲ್ಲಿ ಯಾರದೋ ಮೊಬೈಲ್ ಸಂಸಾರ ಹೂಡಿತ್ತು.

ಅದು ಹೇಗೆ ನಡೆಯಿತು

ಅಕ್ಟೋಬರಿನ ಗುಡುಗು ಮಳೆಯಲ್ಲಿ ನಮ್ಮ ಹಳೆಯ ರೌಟರ್ ಸುಟ್ಟುಹೋಗಿತ್ತು. ಇಂಟರ್ನೆಟ್ ಕೊಡುವವರ ಕಡೆಯವರು ಬಂದು ಹೊಸದೊಂದನ್ನು ಕೂರಿಸಿದರು. ಅದೇ ಸಿಡಿಲಿಗೆ ಸಭಾಂಗಣದೊಳಗಿನ ವೈಫೈ ಪೆಟ್ಟಿಗೆಯೂ ಹೋಗಿತ್ತು. ಅದನ್ನು ಬೆಳೆ ಹಬ್ಬದ ಹಿಂದಿನ ದಿನ ನಾನೇ ಹೊಸದಾಗಿ ಹಾಕಿದ್ದೆ, ಜನರಿಗೆ ತೊಂದರೆಯಾಗದಿರಲೆಂದು ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಕೊಟ್ಟಿದ್ದೆ.

ನಮ್ಮ ಗೋಡೆಗಳು ಎರಡಡಿ ದಪ್ಪದ ಮುರಕಲ್ಲಿನವು. ಸಭಾಂಗಣದ ಒಳಗೆ ಮೊಬೈಲ್ ಸಿಗ್ನಲ್ ಒಂದು ಗೀಟೂ ಬರುವುದಿಲ್ಲ. ಕೀರ್ತನೆಗಳನ್ನೂ ಸತ್ಯವೇದವನ್ನೂ ಮೊಬೈಲಿನಲ್ಲೇ ನೋಡುವವರಿಗಾಗಿ ಸಭೆಯ ವೈಫೈಯನ್ನು ಎಲ್ಲರಿಗೂ ತೆರೆದಿಟ್ಟಿದ್ದೇವೆ. ಹಾಗಾಗಿ ಜನ ಒಳಗೆ ಕಾಲಿಟ್ಟಂತೆ ಅವರ ಜೇಬಿನ ಮೊಬೈಲ್‌ಗಳು ಕೇಳದೆಯೇ ಬಂದು ಸೇರುತ್ತವೆ. ಸೇರಿದ ಪ್ರತಿಯೊಂದಕ್ಕೂ ರೌಟರ್ ಒಂದು ವಿಳಾಸ ಹಂಚುತ್ತದೆ.

ಹಳೆಯ ರೌಟರ್ 100ರಿಂದ ಮೇಲಿನ ವಿಳಾಸಗಳನ್ನು ಮಾತ್ರ ಹಂಚುತ್ತಿತ್ತು. ಕ್ಯಾಮೆರಾ ಕೂರಿಸಿದವರು ಅದನ್ನು ನೋಡಿಯೇ 20 ಎಂಬ ಸ್ಥಿರ ವಿಳಾಸ ಕೊಟ್ಟಿದ್ದರು. ಹೊಸ ರೌಟರ್ 2ರಿಂದ 254ರವರೆಗೆ ಎಲ್ಲವನ್ನೂ ತನ್ನದೆಂದು ತಿಳಿದಿತ್ತು, ಅದೂ ಸಾಲಾಗಿ ಹಂಚುತ್ತಿತ್ತು. ವಾರದ ದಿನಗಳಲ್ಲಿ ಕಂಪ್ಯೂಟರ್, ಪ್ರಿಂಟರ್, ಸಭಾಪಾಲಕರ ಲ್ಯಾಪ್‌ಟಾಪ್, ನಮ್ಮ ಮೊಬೈಲ್‌ಗಳು: ಆರೇಳು ವಿಳಾಸಕ್ಕೆ ಮುಗಿಯಿತು. ಭಾನುವಾರ ಜನ ಬಂದಂತೆ ಸಾಲು ಬೆಳೆದು 20ಕ್ಕೆ ತಲುಪುತ್ತಿತ್ತು. ಕೆಲವು ರೌಟರ್‌ಗಳು ವಿಳಾಸ ಕೊಡುವ ಮೊದಲು ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೂಗಿ ನೋಡುತ್ತವೆ, ನಮ್ಮದು ನೋಡುತ್ತಿರಲಿಲ್ಲ. ಬೆಳೆ ಹಬ್ಬಕ್ಕೆ ಜನ ಹೆಚ್ಚು, ಬೇಗ ಬಂದಿದ್ದರು, 8.55ಕ್ಕೇ ದೋಷ. ಮರುವಾರ ಮಳೆಗೆ ಜನ ತಡವಾಗಿ ಬಂದರು, 9.10ಕ್ಕೆ ದೋಷ.

ಉಳಿದ ಒಗಟುಗಳೂ ಒಂದೊಂದಾಗಿ ಬಿಚ್ಚಿಕೊಂಡವು. ಕೇಬಲ್ ಕಿತ್ತು ಹಾಕಿದಾಗ ಚಿತ್ರ ಬರುತ್ತಿದ್ದುದೇಕೆ? ಕ್ಯಾಮೆರಾ ಹೊತ್ತಿಕೊಂಡ ಕೂಡಲೇ, 20ನೆಯ ವಿಳಾಸ ನನ್ನದು ಎಂದು ಎಲ್ಲರಿಗೂ ಸಾರುತ್ತದೆ. ಕಂಪ್ಯೂಟರ್ ತನ್ನ ಪಟ್ಟಿ ತಿದ್ದಿಕೊಳ್ಳುತ್ತದೆ. ಕೆಲವು ನಿಮಿಷಕ್ಕೆ ಆ ಮೊಬೈಲ್ ಮಾತಾಡುತ್ತದೆ, ಪಟ್ಟಿ ಮತ್ತೆ ಅದರ ಕಡೆ ತಿರುಗುತ್ತದೆ. ಅಲ್ಲಿಗೆ ಕಂಪ್ಯೂಟರ್ ಕ್ಯಾಮೆರಾಕ್ಕೆಂದು ಕಳಿಸಿದ ಮಾತೆಲ್ಲ ಮೊಬೈಲಿಗೆ ಹೋಗುತ್ತದೆ. ಮೊಬೈಲಿಗೆ ಈ ಸಂಭಾಷಣೆಯೇ ಗೊತ್ತಿಲ್ಲ, ಕಡಿದುಬಿಡು ಎನ್ನುತ್ತದೆ, ಚಿತ್ರ ನಿಲ್ಲುತ್ತದೆ. ಒಬಿಎಸ್ ಹತ್ತು ಹತ್ತು ಸೆಕೆಂಡಿಗೆ ಮತ್ತೆ ಕರೆಯುತ್ತದೆ, ಮೊಬೈಲ್ ಮತ್ತೆ ಇಲ್ಲವೆನ್ನುತ್ತದೆ. ಆದರೆ ಪಿಂಗ್‌ಗೆ ಮಾತ್ರ ಅದು ವಿನಯದಿಂದ ಉತ್ತರಿಸುತ್ತದೆ, ವೈಫೈಯಲ್ಲಿರುವುದರಿಂದ, ಬ್ಯಾಟರಿ ಉಳಿಸಲು ತೂಕಡಿಸುತ್ತಿರುವುದರಿಂದ ಸ್ವಲ್ಪ ತಡವಾಗಿ. ಪಿಂಗ್‌ಗೆ ಉತ್ತರ ಬಂತೆಂದು ಕ್ಯಾಮೆರಾ ಇದೆ ಎಂದು ನಂಬಿದ್ದೆವು. ಉತ್ತರ ಕೊಟ್ಟವರು ಯಾರೆಂದು ಪಿಂಗ್ ಹೇಳುವುದಿಲ್ಲ.

ರೌಟರಿನ ಪುಟದಲ್ಲಿ ಆ ಮೊಬೈಲಿನ ಮಾಡೆಲ್ ಹೆಸರು ಕಾಣುತ್ತಿತ್ತು. ಯಾರದೆಂದು ಹುಡುಕಲು ಹೋಗಲಿಲ್ಲ. ಕೀರ್ತನೆಯ ಸಾಲು ನೋಡಲು ಮೊಬೈಲ್ ತೆರೆದ ಯಾರೋ ಒಬ್ಬರು, ಅವರದೇನೂ ತಪ್ಪಿಲ್ಲ.

ದುರಸ್ತಿ

ಅಂದು ಮಧ್ಯಾಹ್ನವೇ ರೌಟರ್ ಹಂಚುವ ವಿಳಾಸಗಳನ್ನು 100ರಿಂದ 250ರ ನಡುವೆ ಕಟ್ಟಿಹಾಕಿದೆವು. ಐದು ನಿಮಿಷದ ಕೆಲಸ, ಖರ್ಚು ಸೊನ್ನೆ. ದೋಷ ನಿಜವಾಗಿ ಅಲ್ಲಿಗೇ ಹೋಯಿತು.

ಆದರೆ ನನಗೆ ಸಮಾಧಾನವಾಗಲಿಲ್ಲ. ಇನ್ನೊಂದು ಸಿಡಿಲು ಬಡಿದು ಇನ್ನೊಬ್ಬರು ಬಂದು ಇನ್ನೊಂದು ರೌಟರ್ ಕೂರಿಸಿದರೆ ಇದೇ ಕಥೆ. ಕ್ಯಾಮೆರಾಕ್ಕೂ ಜನರ ಮೊಬೈಲ್‌ಗಳಿಗೂ ಒಂದೇ ಅಂಗಳ ಇರಲೇಬಾರದು. ಶನಿವಾರ ಸಂಜೆ ಕಂಪ್ಯೂಟರಿಗೆ ಯುಎಸ್‌ಬಿಯಿಂದ ಎರಡನೆಯ ನೆಟ್‌ವರ್ಕ್ ಕಿಂಡಿ ಕೊಡುವ ಸಣ್ಣ ಅಡಾಪ್ಟರ್ ತಂದು ಚುಚ್ಚಿದೆವು, ಸಾವಿರ ರೂಪಾಯಿಗಿಂತ ಸ್ವಲ್ಪ ಹೆಚ್ಚು. ಪಿಒಇ ಸ್ವಿಚ್‌ನಿಂದ ರೌಟರಿಗೆ ಹೋಗುತ್ತಿದ್ದ ಕೇಬಲನ್ನು ತೆಗೆದು ಈ ಹೊಸ ಕಿಂಡಿಗೆ ಹಾಕಿದೆವು. ಈಗ ಆ ಸ್ವಿಚ್‌ನಲ್ಲಿ ಇರುವುದು ಕ್ಯಾಮೆರಾ ಮತ್ತು ಕಂಪ್ಯೂಟರ್ ಎರಡೇ. ಕ್ಯಾಮೆರಾಕ್ಕೆ 192.168.50.20, ಕಂಪ್ಯೂಟರಿನ ಹೊಸ ಕಿಂಡಿಗೆ 192.168.50.10, ಮಾಸ್ಕ್ 255.255.255.0. ಹೊರಗಿನ ಇಂಟರ್ನೆಟ್ಟಿನ ದಾರಿ ಬರೆಯುವ ಗೇಟ್‌ವೇ ಎಂಬ ಜಾಗವನ್ನು ಖಾಲಿ ಬಿಡಬೇಕು. ಅಲ್ಲಿ ಏನಾದರೂ ಬರೆದರೆ ಕಂಪ್ಯೂಟರ್ ಇಂಟರ್ನೆಟ್ ಹುಡುಕಿಕೊಂಡು ಕ್ಯಾಮೆರಾದ ಕಡೆ ಹೋಗಿ ಕೂರಬಹುದು.

ಇದರಲ್ಲಿ ಕ್ರಮ ಮುಖ್ಯ. ಹಳೆಯ ಜೋಡಣೆ ಇರುವಾಗಲೇ ಕ್ಯಾಮೆರಾದ ಪುಟ ತೆರೆದು ವಿಳಾಸ ಬದಲಿಸಬೇಕು. ಉಳಿಸು ಒತ್ತಿದ ಕೂಡಲೇ ಪುಟ ಮಾಯವಾಗುತ್ತದೆ, ಗಾಬರಿಯಾಗಬಾರದು, ಅದು ಹೊಸ ಮನೆಗೆ ಹೋಗಿದೆ. ಆಮೇಲೆ ಕೇಬಲ್ ಬದಲಿಸಬೇಕು. ಒಬಿಎಸ್‌ನಲ್ಲಿ ಚಿತ್ರದ ವಿಳಾಸವನ್ನು ತಿದ್ದಿ, ಆರ್‌ಟಿಎಸ್‌ಪಿಯನ್ನು, ಕಳಿಸಿದ್ದು ತಲುಪಿತೇ ಎಂದು ಖಚಿತಪಡಿಸಿಕೊಳ್ಳುವ ಟಿಸಿಪಿ ಎಂಬ ರೀತಿಯ ಮೂಲಕವೇ ತರಬೇಕೆಂಬ ಆಯ್ಕೆಯನ್ನೂ ಬರೆದೆವು. ಚಿತ್ರ ಬಂತು. ಆದರೆ ಕ್ಯಾಮೆರಾ ತಿರುಗಲಿಲ್ಲ! ತಿರುಗಿಸುವ ತಂತ್ರಾಂಶ ಬೇರೆ, ಅದರೊಳಗೆ ಹಳೆಯ ವಿಳಾಸವೇ ಉಳಿದಿತ್ತು. ಅದನ್ನೂ ತಿದ್ದಿದ ಮೇಲೆ ವೇದಿ, ಪ್ರಸಂಗ ಪೀಠ, ಗಾಯನ ಮಂಡಳಿ ಎಂದು ಗುರುತು ಹಾಕಿಟ್ಟಿದ್ದ ಸ್ಥಾನಗಳೆಲ್ಲ ಇದ್ದಲ್ಲೇ ಇದ್ದವು, ಅವು ಕ್ಯಾಮೆರಾದ ನೆನಪಿನಲ್ಲಿರುತ್ತವೆ.

ಕ್ಯಾಮೆರಾದ ಪುಟದಲ್ಲಿದ್ದಾಗ ಇನ್ನೊಂದು ಕಣ್ಣಿಗೆ ಬಿತ್ತು. ದೀಪದ ಮಿನುಗು ತಡೆಯುವ ಸೆಟ್ಟಿಂಗ್ 60 ಹರ್ಟ್ಸ್ ಎಂದಿತ್ತು. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್. ವೇದಿಯ ಮೇಲಿನ ಎಲ್‌ಇಡಿ ದೀಪ ಹಾಕಿದಾಗ ಚಿತ್ರದಲ್ಲಿ ಮಸುಕು ಪಟ್ಟೆಗಳು ಮೆಲ್ಲಗೆ ಮೇಲೇರುತ್ತಿದ್ದುದಕ್ಕೆ ಎಷ್ಟೋ ತಿಂಗಳಿಂದ ದೀಪವನ್ನೇ ಬೈಯುತ್ತಿದ್ದೆವು. 50ಕ್ಕೆ ತಂದು, ಸೆಕೆಂಡಿಗೆ 25 ಚೌಕಟ್ಟು, ಶಟರ್ 1/50 ಎಂದು ಇಟ್ಟ ಮೇಲೆ ಪಟ್ಟೆಗಳು ಹೋದವು.

ಸಮಿತಿ ಹೊಸ ಕ್ಯಾಮೆರಾದ ಮಾತು ಬಿಟ್ಟಿತು. ಅದರ ಸಣ್ಣ ಪಾಲಿನಲ್ಲಿ ಬೇಸಿಗೆಯೊಳಗೆ ವಿಡಿಯೊ ಚಿತ್ರಕ್ಕೆಂದೇ ಇರುವ ಎಸ್‌ಡಿಐ ಕೇಬಲ್ ಒಂದನ್ನು ಎರಡನೆಯ ದಾರಿಯಾಗಿ ಎಳೆಯಲು ಒಪ್ಪಿಗೆ ಕೊಟ್ಟಿದೆ. ನಮ್ಮ ಕ್ಯಾಮೆರಾದ ಹಿಂದೆ ಆ ಕಿಂಡಿ ಮೊದಲಿನಿಂದಲೂ ಇದೆ. ಸೆಕೆಂಡಿಗೆ 25 ಚೌಕಟ್ಟಿನ 1080 ಚಿತ್ರಕ್ಕೆ ಸೆಕೆಂಡಿಗೆ 1.485 ಗಿಗಾಬಿಟ್ ಸಾಕು. ಒಳ್ಳೆಯ 75 ಓಮ್ ಕೇಬಲಿನಲ್ಲಿ 34 ಮೀಟರ್ ಅದಕ್ಕೆ ದೂರವೇ ಅಲ್ಲ, ವಿಳಾಸದ ತಂಟೆಯೂ ಇಲ್ಲ. ಆ ಕೇಬಲಿನ ತುದಿಗೆ ಹಾಕುವ ಬಿಎನ್‌ಸಿ ಕನೆಕ್ಟರ್ ಕೊಳ್ಳುವಾಗ ಮಾತ್ರ 75 ಓಮಿನದೇ ಎಂದು ಕೇಳಿ ತೆಗೆದುಕೊಳ್ಳಬೇಕು, ನೋಡಲು ಒಂದೇ ಥರ ಇರುವ 50 ಓಮಿನವೂ ಅದೇ ಡಬ್ಬಿಯಲ್ಲಿ ಸಿಗುತ್ತವೆ.

ವೆಸ್ಟ್ರಿಯ ಕಪಾಟಿನ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದೇನೆ. ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ, ಕ್ಯಾಮೆರಾದ ವಿಳಾಸ, ಅದರ ಮ್ಯಾಕ್ ವಿಳಾಸ, ರೌಟರ್ ಬದಲಿಸಿದರೆ ಹಂಚುವ ವಿಳಾಸ ಎಲ್ಲಿಂದ ಆರಂಭವಾಗಬೇಕು, ಎಲ್ಲವೂ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ.

ಆ ಶನಿವಾರದ ಮರುದಿನ, ಕ್ರಿಸ್ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ. ಕರ್ತನ ಭೋಜನವೂ ಇದ್ದುದರಿಂದ ಚರ್ಚು ತುಂಬಿತ್ತು. ರೌಟರಿನ ಪುಟದಲ್ಲಿ ಮೊಬೈಲ್‌ಗಳ ಸಂಖ್ಯೆ ನೂರು ದಾಟಿತು. ಹುಡುಗಿ ಪಿಂಗಿನ ಕಿಟಕಿ ತೆರೆದೇ ಇಟ್ಟಿದ್ದಳು: ಒಂದಕ್ಕಿಂತ ಕಡಿಮೆ, ಒಂದಕ್ಕಿಂತ ಕಡಿಮೆ, ಒಂದಕ್ಕಿಂತ ಕಡಿಮೆ. 9.10 ಕಳೆಯಿತು, 9.30 ಕಳೆಯಿತು. ರೊಟ್ಟಿ ಮುರಿಯುವ ಹೊತ್ತಿಗೆ ಕ್ಯಾಮೆರಾವನ್ನು ವೇದಿಯ ಹತ್ತಿರಕ್ಕೆ ತಂದೆವು. ಆಗ ನನ್ನ ಮೊಬೈಲ್ ಅದುರಿತು. ಅಜ್ಜಿಯ ಹೆಸರು ಕಂಡು ಎದೆ ಧಸಕ್ಕೆಂದಿತು, ಎತ್ತಿಕೊಂಡು ಹೊರಗೆ ಬಂದೆ.

"ನೇರಳೆ ಬಟ್ಟೆ ಹಾಕಿದ್ದಾರಲ್ಲ, ನಾನು ಹೊಲಿದದ್ದೇ. ಎಡಗಡೆಯ ಅಂಚು ಜಾರಿದೆ ಮಗನೇ, ಬರುವ ಆದಿತ್ಯವಾರದ ಒಳಗೆ ಯಾರಿಗಾದರೂ ಸರಿಮಾಡಲು ಹೇಳು" ಎಂದರು.

ಒಳಗೆ ಬಂದು ಪರದೆ ನೋಡಿದೆ. ಎರಡು ಬೆರಳಿನಷ್ಟು ಜಾರಿತ್ತು. ಆರಾಧನೆ ಮುಗಿದ ಮೇಲೆ ನಾನೇ ಹೋಗಿ ಸರಿಮಾಡಿದೆ.